ಬಲಗಾಲಿನ ಗೇರು

ಏಪ್ರಿಲ್ಲಿನಲ್ಲಿ ದಿವಾಡಿಯ ಗುಡ್ಡವೆಲ್ಲ ಗೇರುಹಣ್ಣಿನ ಘಾಟು.
ನನಗೆ ಬೇರೆಯದೇ ಗೇರಿನ ಚಿಂತೆ:
ಇನಾಸ್ ಬಾಬನ ಹಳೆಯ ಬುಲೆಟ್ಟಿಗೆ
ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ.

ಹನ್ನೊಂದು ವರ್ಷ ನಾನು ಓಡಿಸಿದ್ದು ನೂರು ಸಿಸಿಯ ಸ್ಪ್ಲೆಂಡರ್.
ಅದು ಗಾಡಿಯಲ್ಲ,
ಬಗಲಲ್ಲಿ ಸಿಕ್ಕಿಸಿಕೊಂಡ ಛತ್ರಿ.
ಕೋಳಿ ಅಡ್ಡ ಬಂದರೆ
ನನಗಿಂತ ಮೊದಲು ನನ್ನ ಕಾಲಿಗೆ ತಿಳಿಯುತ್ತಿತ್ತು.
ಲಸಿಕೆಯ ಐಸ್ ಪೆಟ್ಟಿಗೆ, ಎರಡು ಕ್ಯಾನು, ದನ ಕಟ್ಟುವ ಹಗ್ಗ,
ಎಲ್ಲ ಹೊತ್ತು ಹೊತ್ತು
ಒಂದು ದಿನ ಚರ್ಚಿನ ಏರಿನಲ್ಲಿ
ಅದರ ಬೆನ್ನೆಲುಬು ಬಿಟ್ಟುಕೊಂಡಿತು.

ಇದು ಇನಾಸ್ ಬಾಬನ ಮೈಗೆ ಹೊಲಿದ ಅಂಗಿ.
ಆರಡಿ ಆಳಿನ ತೋಳಿಗೆಂದು ಅಗಲಿಸಿದ ಹ್ಯಾಂಡಲ್;
ಹಿಡಿದರೆ ನಾನು ಹಗ್ಗದ ಮೇಲೆ ಹರವಿದ ಸೀರೆ.
ನೀರಿನ ಪೈಪು ಬಗ್ಗಿಸಿ ಮಾಡಿದ ದಪ್ಪ ಗಾರ್ಡು.
ಗರಗಸದ ಮಿಲ್ಲಿನಲ್ಲಿ ಎಡಗೈ ತೋರುಬೆರಳು ಹೋದ ಮೇಲೆ
ಕ್ಲಚ್ಚಿನ ಹಿಡಿಯನ್ನು ಕಾಯಿಸಿ ಬಾಗಿಸಿದ್ದಾನೆ,
ಉಳಿದ ಮೂರಕ್ಕೆ ಸರಿಯಾಗಿ.
ನನ್ನ ತೋರುಬೆರಳಿಗೆ ಅಲ್ಲಿ ಜಾಗವಿಲ್ಲ.
ಪಂಕ್ತಿಯಲ್ಲಿ ಎಲೆ ಸಿಗದವರ ಹಾಗೆ
ಸುಮ್ಮನೆ ನಿಂತಿರುತ್ತದೆ.

ಮತ್ತೆ, ಒದ್ದರೆ ಒದೆಯುತ್ತದೆ.
ಮೊದಲ ವಾರ ಮೊಣಕಾಲ ಕೆಳಗೆ ನೇರಳೆ ಬಣ್ಣದ ಊತ.
ದನಕ್ಕೆ ಸೂಜಿ ಚುಚ್ಚುವವಳಿಗೆ ಒದೆ ಹೊಸದಲ್ಲ,
ಆದರೆ ದನ ಒದೆಯುವ ಮೊದಲು ಕಿವಿ ಹಿಂದಕ್ಕೆ ಮಾಡುತ್ತದೆ.
ಇದರ ಕಿವಿ ಎಲ್ಲಿದೆ?

"ಮುಳ್ಳು ನೋಡು, ಲೀಲ್!"
ಜಗಲಿಯಿಂದ ಇನಾಸ್ ಬಾಬನ ಕೂಗು,
ಊದಿದ ಕಾಲುಗಳನ್ನು ಸ್ಟೂಲಿಗೆ ಚಾಚಿ ಕೂತಿದ್ದಾನೆ.
"ಆಂಪಿಯರ್ ಮುಳ್ಳು ನಡುವಿಗೆ ಬರಲಿ, ಆಮೇಲೆ ಒದಿ."
ಶಿವಲೀಲಾ ಅನ್ನುವಷ್ಟು ಉಸಿರು ಅವನಿಗಿಲ್ಲ,
ನನಗೂ ಆಗ ಇರಲಿಲ್ಲ.
ನಡುಗುವ ಆ ಮುಳ್ಳೇ ಕಿವಿ.

ರೈಬಂದರಿನ ಫೆರಿ. ಭರತದ ಹೊತ್ತು.
ಇಳಿಜಾರಿನ ಕಬ್ಬಿಣದ ಮೇಲೆ ಪಾಚಿ, ಮೀನಿನ ನೀರು.
ಗೇರು ಇಳಿಸಬೇಕಿತ್ತು, ಹಳೆಯ ಎಡಗಾಲು ಓಡಿಬಂದು
ಬ್ರೇಕನ್ನು ತುಳಿಯಿತು.
ನಿಂತಿತು. ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ.
ಹಿಂದೆ ಬಸ್ಸು, ಎದುರು ಶಾಲೆ ಬಿಟ್ಟ ಮಕ್ಕಳು,
ಇಡೀ ಮಾಂಡೊವಿ ನೋಡುತ್ತಿತ್ತು ಅನ್ನಿಸಿತು.
ವಾಲುವುದನ್ನು ತಡೆದೆ, ತಡೆದೆ,
ಸೊಂಟದಲ್ಲಿ ಏನೋ ಚಳಕ್ಕೆಂದಿತು.
"ಸೋಡ್ ಗೋ!" ಅಂದಳು ಬುಟ್ಟಿ ಹೊತ್ತ ಮೀನಿನವಳು.
ಬಿಟ್ಟೆ.

ಅದು ಬೀಳಲಿಲ್ಲ.
ಗಾರ್ಡಿನ ಮೇಲೆ ಮೊಣಕೈಯೂರಿ
ಕೆಸರಲ್ಲಿ ಎಮ್ಮೆ ಮಲಗುವ ಹಾಗೆ
ನಿಧಾನಕ್ಕೆ ಮಲಗಿತು. ಪೆಟ್ಟಿಗೆಯ ಒಂದು ಸೀಸೆಯೂ ಒಡೆಯಲಿಲ್ಲ.
ಮಲಗುವ ಎಮ್ಮೆಗೆ ಅಡ್ಡ ನಿಲ್ಲಬಾರದು,
ಇದನ್ನು ನಾನೇ ಎಷ್ಟು ಮನೆಗಳಲ್ಲಿ ಹೇಳಿದ್ದೇನೆ!
ಇಬ್ಬರು ಖಲಾಸಿಗಳು, ನಾನು, ಬುಟ್ಟಿ ಇಳಿಸಿದ ಆಕೆ
ನಾಲ್ವರೂ ಸೇರಿ ಎಬ್ಬಿಸಿದೆವು.
ಆಕೆ ಸೀಟಿಗೆ ಒರೆಸಿದ ಬಂಗುಡೆಯ ವಾಸನೆ
ಮೂರು ದಿನ ಇತ್ತು.

ಆಮೇಲೆ ತಿರುವುಗಳಲ್ಲಿ ಅದನ್ನು ಎತ್ತಿ ಹಿಡಿಯುವುದು ಬಿಟ್ಟೆ.
ಅದು ವಾಲಿದತ್ತ ನಾನೂ.
ಮೊನ್ನೆ ತಂಗಿಯ ಮಗನ ಸ್ಪ್ಲೆಂಡರ್ ಹತ್ತಿದರೆ
ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತಾಯಿತು;
ಬಲಗಾಲು ಗೇರು ಹುಡುಕುತ್ತ
ಗಾಳಿಯನ್ನೇ ತುಳಿಯಿತು.

ಮೆಕ್ಯಾನಿಕ್ ಪೆಡ್ನೇಕರ್ ಕೇಳುತ್ತಲೇ ಇದ್ದಾನೆ:
ಕ್ಲಚ್ಚಿನ ಹಿಡಿ ನೆಟ್ಟಗೆ ಮಾಡಲಾ, ಐದು ನಿಮಿಷದ ಕೆಲಸ.
ಮುಂದಿನ ವಾರ ಅನ್ನುತ್ತೇನೆ.

ಸಂಜೆ ಇನಾಸ್ ಬಾಬನ ಮನೆಯ ತಿರುವು.
ಏರಿಗೆ ಮುಂಚೆ ಗೇರು ಇಳಿಸಬೇಕು.
ಜಗಲಿಯಲ್ಲಿ, ಸದ್ದನ್ನೇ ನೋಡುತ್ತ,
ಮೂರು ಬೆರಳು ಗಾಳಿಯನ್ನು ಒಳಕ್ಕೆಳೆಯುತ್ತವೆ,
ಸ್ಟೂಲಿನ ಮೇಲೆ ಊದಿದ ಬಲಪಾದ ಒಂದಿಷ್ಟು ಅಲುಗುತ್ತದೆ,
ನನಗಿಂತ
ಅರೆಗಳಿಗೆ ಮೊದಲು.