ಹೊಟ್ಟೆಪಾಡು

ತಿಂಗಳ ಮೊದಲ ವಾರ ಗೇಟು ತಟ್ಟುವವನು ನಾನು.
"ಕರೆಂಟ್ ಬಿಲ್ಲು" ಅಂದರೆ ಸಾಕು,
ನಿಟ್ಟುವಳ್ಳಿಯ ನಾಯಿಗಳೂ ಬೊಗಳುವುದಿಲ್ಲ.
ಕೊರಳಿಗೆ ಬಿಲ್ಲಿನ ಯಂತ್ರ, ಹೆಗಲಿಗೆ ಚೀಲ,
ಚೀಲದ ತಳದಲ್ಲಿ ಮಡಿಸಿಟ್ಟ ಇನ್ನೊಂದು ಪ್ಯಾಂಟು.
ಅದು ಇಲಾಖೆಗೂ ಗೊತ್ತಿಲ್ಲ.

ನೀವು ಕಂಡ ದಾವಣಗೆರೆ ಬೇರೆ, ನನ್ನದು ಬೇರೆ.
ನನ್ನ ನಕಾಶೆಯಲ್ಲಿ ಬೆಣ್ಣೆದೋಸೆ ಹೋಟೆಲ್ಲುಗಳಿಗೆ
ಹಿಂಬಾಗಿಲು ಮಾತ್ರ ಇದೆ.
ಹಳೇ ಬಸ್‌ಸ್ಟ್ಯಾಂಡಿನದಕ್ಕೆ ಐದು ರೂಪಾಯಿ,
ಚಿಲ್ಲರೆಯೇ ಬೇಕು, ಒಳಗೆ ಚಿಲಕವಿಲ್ಲ.
ಪಿ.ಜೆ. ಬಡಾವಣೆಯ ಹಲ್ಲಿನ ಡಾಕ್ಟರದು ತೆರೆಯುವುದು ಹತ್ತೂವರೆಗೆ.
ಹತ್ತೂವರೆ!
ನನ್ನ ಹೊಟ್ಟೆ ಏಳಕ್ಕೇ ಆಫೀಸು ತೆರೆದು ಕೂತಿರುತ್ತದೆ.
ಕಟ್ಟುತ್ತಿದ್ದ ಒಂದು ಮನೆಯಿತ್ತು, ಬಾಗಿಲಿಲ್ಲದ್ದು,
ಎರಡು ಸಲ ಮಾನ ಕಾಯ್ದಿತ್ತು.
ಮೊನ್ನೆ ಗೃಹಪ್ರವೇಶ ಮಾಡಿದರು,
ಮೀಟರ್ ಬರೆಯಲು ಹೋದವನಿಗೂ ಹೋಳಿಗೆ ಕೊಟ್ಟರು.
ಆ ಮೂಲೆಯಲ್ಲೀಗ ಟೀವಿ.
ನಾನು ಟೀವಿ ಕಡೆ ನೋಡಲಿಲ್ಲ.

ನಾಲ್ಕು ದಿನ ಬರುವುದಿಲ್ಲ. ಐದನೆಯ ದಿನ ಬಿಡುವುದಿಲ್ಲ.
ನಡುವೆ ಒಂದು ದಿನ ಎಲ್ಲರಂತೆ ಇರುತ್ತೇನೆ,
ಅವತ್ತು ಭಯ ಜಾಸ್ತಿ.

ಡಾಕ್ಟರು ಪೈಪು ಬಿಟ್ಟು ನೋಡಿದರು.
"ಏನೂ ಇಲ್ಲ ತಿಪ್ಪೇಶಪ್ಪ, ಎಲ್ಲಾ ಕ್ಲೀನು."
ಆ ಏನೂ ಇಲ್ಲದ್ದಕ್ಕೆ ಆರು ವರ್ಷದಿಂದ ಗುಳಿಗೆ.
"ಕರುಳಿಗೂ ತಲೆಗೂ ಒಂದು ಲೈನ್ ಎಳೆದಿರ್ತದೆ,
ನಿಮ್ಮದು ಸ್ವಲ್ಪ ಹೈ ವೋಲ್ಟೇಜು."
ನನ್ನ ಭಾಷೆಯಲ್ಲೇ ಹೇಳಿದರು, ಪುಣ್ಯಾತ್ಮ.
ಹಾಲು ಬಿಡಿ, ಮಿರ್ಚಿ ಬಿಡಿ, ಚಿಂತೆ ಬಿಡಿ ಅಂದರು.
ಹಾಲು ಬಿಟ್ಟೆ.

ಅವ್ವ ಸಾಯುವ ತನಕ ಹೇಳಿದ್ದು ಒಂದೇ ಮಾತು:
ಹೊಟ್ಟೆಗೆ ಹಾಕ್ಕೊಳೋ.
ಅಣ್ಣ ಸೈಟನ್ನು ತನ್ನ ಹೆಸರಿಗೆ ಮಾಡಿಕೊಂಡ, ಹೊಟ್ಟೆಗೆ ಹಾಕ್ಕೊಳೋ.
ಸೆಕ್ಷನ್ ಆಫೀಸರು ಎಲ್ಲರೆದುರು
ನನ್ನ ಹೆಸರಿನ ಮೊದಲ ಎರಡಕ್ಷರ ಒತ್ತಿ ಒತ್ತಿ ಕರೆದ,
ಇರಲಿ, ಹೊಟ್ಟೆಗೆ ಹಾಕ್ಕೊಳೋ.
ಹಾಕಿಕೊಂಡೆ.
ಎಲ್ಲಿಗೆ ಹಾಕಿಕೊಂಡೆನೋ, ಪೈಪಿಗೆ ಕಾಣಲಿಲ್ಲ.

ಅವತ್ತು ಮಂಡಕ್ಕಿ ಭಟ್ಟಿಗಳ ಸಾಲು.
ಹೊಗೆ, ಹೊಟ್ಟು, ಕಾದ ಮರಳಿನ ವಾಸನೆ.
ಖೈರುನ್ನೀಸಾ ಅವರ ಗೋಡೆಯ ಮೀಟರಿನ ಮುಂದೆ
ನಾಲ್ಕು, ಒಂದು, ಏಳು, ಅಲ್ಲಿಗೆ ಅಂಕಿಗಳು ಮಸುಕಾದವು.
ಕಿವಿಯ ಹಿಂದೆ ಬೆವರು ತಣ್ಣಗಾಯಿತು.
ಒಳಗೆ ಯಾರೋ ಕರುಳನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರು.
ನೀರು ಕೇಳೋಣ ಅಂದುಕೊಂಡೆ.
ಯಾವಾಗಲೂ ಮೊದಲು ನೀರು ಕೇಳುತ್ತೇನೆ,
ಆಮೇಲೆ ಮುಖ ನೋಡಿ, ಇದನ್ನು.

ಆಕೆ ಜಾಲರಿಯಿಂದ ಕೈ ತೆಗೆಯಲೂ ಇಲ್ಲ.
ಅಕ್ಕಿ ಮರಳಿಗೆ ಬಿದ್ದು ಚಟಪಟ ಅರಳುತ್ತಿತ್ತು.
"ಎಡಕ್ಕೈತೆ, ಹೋಗ್ರಿ. ಬಕೆಟ್ ತುಂಬೇತಿ."

ನಾನು ಏನೂ ಕೇಳಿರಲಿಲ್ಲ.

ತಗಡಿನ ಬಾಗಿಲು, ಒಳಗಿನಿಂದ ದಪ್ಪ ಚಿಲಕ,
ಗೂಡಿನಲ್ಲಿ ಅರ್ಧ ಸೋಪು.
ಸೂರಿನ ತೂತಿನಿಂದ ಬಿಸಿಲು ಮೊಣಕಾಲ ಮೇಲೆ ಕೂತಿತ್ತು.
ಯಾರೂ ಬಾಗಿಲು ಬಡಿಯಲಿಲ್ಲ.
ಎಷ್ಟು ಹೊತ್ತಾಯಿತೋ, ಬಿಲ್ಲಿನ ಯಂತ್ರ ಕೊರಳಲ್ಲೇ ಇತ್ತು,
ತಾನಾಗಿ ಆಫ್ ಆಗಿತ್ತು.

ಹೊರಗೆ ಬಂದು ತಲೆ ತಗ್ಗಿಸಿ ರೀಡಿಂಗ್ ಬರೆದೆ.
ಆಕೆ ಹೇಳಿದಳು, ನನಗಲ್ಲ, ಬೆಂಕಿಗೆ ಹೇಳುವಂತೆ:
"ಹತ್ತು ವರ್ಷ ಈ ಭಟ್ಟೀಗೆ ಪಾಯಖಾನಿ ಇರ್ಲಿಲ್ಲ.
ಕತ್ಲಾಗೋ ತನಕ ತಡಕೊಂಡು ತಡಕೊಂಡು
ನನ್ದೂ ಹಿಂಗಾ ಕೆಟ್ಟೋತು.
ಕಟ್ಟಿಸಿದ ಮ್ಯಾಲೆ ಯಾರ ಮುಖ ನೋಡಿದ್ರೂ ತಿಳೀತದೆ."
ಪೇಪರಿನಲ್ಲಿ ಬಿಸಿ ಮಂಡಕ್ಕಿ ಸುತ್ತಿ ಕೊಟ್ಟಳು.
"ಖಾರ ಹಾಕಿಲ್ಲ. ಬರೇದು. ಇದು ಕೂರ್ತದೆ."

ಬೀದಿಯುದ್ದಕ್ಕೂ ಒಂದೊಂದೇ ಕಾಳು ತಿನ್ನುತ್ತ ನಡೆದೆ.
ತೂಕವೇ ಇಲ್ಲದ ಊಟ.
ಕೂತಿತು.

ಈ ತಿಂಗಳು ಮತ್ತೆ ಅದೇ ಸಾಲು.
ಹೊಟ್ಟೆ ಯಾಕೋ ಸುಮ್ಮನಿತ್ತು.
ಬರೆದೆ, ಬಿಲ್ಲು ಹರಿದುಕೊಟ್ಟೆ, ಗೇಟಿನವರೆಗೆ ಬಂದೆ.
ಹಿಂದಿನಿಂದ ಆಕೆಯ ಕೂಗು, ಇಡೀ ಭಟ್ಟಿಗೇ ಕೇಳುವಂತೆ:
"ಯಾಕ್ರೀ ಬಿಲ್ಲಿನೋರೆ, ಇವತ್ತು ಬ್ಯಾಡೇನು?"