ಗೇಟು ತೆಗೆದವರು

ಬೆಂಕಿ ಬಿದ್ದದ್ದು ಗುಬ್ಬಿ ಗೇಟಿನಲ್ಲಿ,
ಬುಡೇನ್ ಸಾಬರ ಹಾಸಿಗೆ ಅಂಗಡಿಗೆ.
ಟೀವಿಯಲ್ಲಿ ಉರಿದದ್ದು ಗುಬ್ಬಿ.

ಗುಬ್ಬಿಯಿಂದ ಗಂಗಹನುಮಕ್ಕನ ಫೋನು:
"ಮಾಳಿಗೆ ಹತ್ತಿ ನೋಡಿದೆ ಕಣೇ,
ನಾಲ್ಕೂ ದಿಕ್ಕಿಗೆ ಮೂಗೊಡ್ಡಿದೆ,
ಎಲ್ಲೂ ಇಲ್ಲವಲ್ಲ ಹೊಗೆ!"
ನಾನಿಲ್ಲಿ ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದೆ.
ಹತ್ತಿ ಸುಟ್ಟ ವಾಸನೆ
ಒಲೆ ಮೇಲಿನ ಸಾರಿಗೂ ಇಳಿದಿತ್ತು.

ಮೈಕು ಹಿಡಿದ ಹುಡುಗಿ ನೀರು ಕೇಳಿ ಬಂದಳು.
ಚೊಂಬು ಕೊಡುವ ಮೊದಲೇ ಅಂದೆ:
ಇಪ್ಪತ್ತು ಕಿಲೋಮೀಟರು ನುಂಗಿದೆಯಲ್ಲ ತಾಯಿ,
ಬಾಯಾರದೆ ಇರುತ್ತದಾ?

"ನಾನು ಗೇಟು ಅಂತಲೇ ಹೇಳಿದೆ ಅಮ್ಮ.
ಕೆಳಗೆ ಓಡುವ ಪಟ್ಟಿಯಲ್ಲಿ ಜಾಗ ಸಾಲದೆ
ಆಫೀಸಿನವರು ಗೇಟು ತೆಗೆದರು."

ಗೇಟು ತೆಗೆದರೆ
ಊರೊಳಗೆ ಊರು ನುಗ್ಗದೆ ಇನ್ನೇನು!
ಅವಳೂ ನಕ್ಕಳು, ನೀರು ನೆತ್ತಿಗೇರಿತು.
ಹಾಗೆ ನೋಡಿದರೆ ಇಲ್ಲಿ ಗೇಟೇ ಇಲ್ಲ,
ನಾನು ಸೊಸೆಯಾಗಿ ಬಂದಾಗಲೂ ಇರಲಿಲ್ಲ.

ಸಂಜೆ ಇನ್ಶೂರೆನ್ಸಿನವನು ವಿಳಾಸ ಕೇಳಿದ.
ಬುಡೇನ್ ಸಾಬರು ಮಸಿ ಮೆತ್ತಿದ ಕೈ ಚಾಚಿ
"ಸೀಮೆಎಣ್ಣೆ ಡಿಪೋ ಎದುರು, ಬರಕೊಳ್ಳಿ" ಎಂದರು.
ಡಿಪೋ ಹೋಗಿ ಹನ್ನೊಂದು ವರ್ಷ.
ಅವನು ಬರೆದುಕೊಂಡ.
ನಾನು ಚೊಂಬು ತೊಳೆಯುತ್ತಿದ್ದೆ,
ತಿದ್ದಲಿಲ್ಲ.