ಚೇಳಿನ ಬಣ್ಣ

ಮಟಮಟ ಮಧ್ಯಾಹ್ನ, ಶಹಾಬಜಾರ ನಾಕಾದಾಗ
ನಾಯಿ ಸುದ್ದಾ ನೆರಳು ಬಿಟ್ಟು ಏಳದ ಹೊತ್ತಿನಾಗ
ಒಡೆದ ದಪ್ಪು ಎದಿಗವಚಿಕೊಂಡು
ಆಟೋದಿಂದ ಇಳಿದಳು ಅಸುಂತಾ.
ಮೂಗು, ಹೆಗಲು ಕೆಂಪಗ ಸುಟ್ಟಿದ್ದವು.
ಸಂಗಾಟ ದುಭಾಷಿ ಹುಡುಗಿ ನಿಖತ್,
ಕೈಯಾಗ ಅರ್ಧ ಕುಡಿದ ಕಬ್ಬಿನ ಹಾಲು.
"ಮರೆಪ್ಪ ಕಾಕಾ, ಇಟಲಿಯವರದು.
ನಮ್ಮ ಬಿಸಿಲಿಗಿ ಪೆಟ್ಟಿಗ್ಯಾಗೇ ಟಪ್ ಅಂದದ.
ಸಂಜಿಗಿ ಬೇಕು."

ತಿರುವಿ ನೋಡಿದೆ. ಆಡಿನ ತೊಗಲು.
ಕಟ್ಟಿಗಿ ಬಳಿಯೊಳಗ ತಗಡಿನ ಗೆಜ್ಜಿ, ಜೋಡಿ ಜೋಡಿ.
ಒಂದು ಮಗ್ಗಲಾಗ ಹೆಬ್ಬೆರಳು ತಿಕ್ಕಿ ತಿಕ್ಕಿ ಕಪ್ಪಾದ ಕಲಿ,
ಅದರ ಸುತ್ತ ಒಣಗಿದ ರಕ್ತ.
ನನ್ನ ಹಲಗಿ ಮ್ಯಾಲೂ ಅಂಥಾದ್ದೊಂದು ಅದ.
ರೊಕ್ಕದ ಮಾತು ಅಲ್ಲೇ ಮರ್ತೆ.

ನೆನಸಿಟ್ಟ ಮರಿ ತೊಗಲು ಹಿಂಡಿ, ಎಳೆದು, ಮೊಳಿ ಬಡಿದು
ಪತ್ರಾಸಿನ ಮ್ಯಾಲ ಇಟ್ಟೆ.
ನಲವತ್ತಮೂರು ಡಿಗ್ರಿ.
ಊರೆಲ್ಲಾ ಬೈಯೂ ಬಿಸಿಲು
ಒಂದು ತಾಸಿನಾಗ ಒಣಗಿಸಿ ಕೊಟ್ಟಿತು.
ಆಕಿ ಉಗುರಿನಿಂದ ಮುಟ್ಟಿದಳು, ಠಣ್ ಅಂತು.
ತನ್ನ ಭಾಷಾದಾಗ ಏನೋ ಅಂದಳು, ನಿಖತ್ ಹೇಳೂದರೊಳಗ
ತಿಳಿದಿತ್ತು.

ಸಂಜಿಗಿ ಪಾಸು, ಎರಡನೇ ಸಾಲು.
ಬೇಸಿಗಿ ಉತ್ಸವದ ಕಟ್ಟಿಗಿ ಶಹಾಬಾದಿ ಫರಸಿ ಹಾಸಿದ್ದರು,
ಕೊಡಗಟ್ಟಲೆ ನೀರು ಸುರುವಿದರೂ ಇನ್ನಾ ಹಬಿ ಬಿಡತಿತ್ತು.
"ಮುತ್ಯಾ, ಪಿಜ್ಜಾ ಕೊಡ್ತಾರಂತ?" ಅಂದ ಮೊಮ್ಮಗ.
ಪಿಜ್ಜಾ ಅಲ್ಲೋ, ಪಿಜ್ಜಿಕಾ. ಕುಣಿತ.
ಕಚ್ಚೂದು ಅಂತ ಅರ್ಥ.

ಮೈಕಿನಾಗ ನಿಖತ್ ಪುಸ್ತಕದ ಕನ್ನಡ ಮಾತಾಡಿದಳು:
"ಇವರಲ್ಲಿ ಗೋಧಿ ಸುಗ್ಗಿ ಬರುವುದು ಬೇಸಿಗೆಯಲ್ಲಿ.
ಕೊಯ್ಯುವ ಹೆಣ್ಣುಮಕ್ಕಳಿಗೆ ಜೇಡ ಕಚ್ಚುತ್ತಿತ್ತಂತೆ.
ಪಿಟೀಲು, ದಪ್ಪು ಕರೆಸಿ
ಬೀಳುವ ತನಕ ಕುಣಿಸುತ್ತಿದ್ದರಂತೆ.
ಮರುವರ್ಷ ಅದೇ ದಿನ, ಅದೇ ಹೆಣ್ಣಿಗೆ
ಮತ್ತೆ ಕಚ್ಚುತ್ತಿತ್ತಂತೆ."
ಮಂದಿ ನಕ್ಕರು.

ಜಗದೇವಿ ಅಕ್ಕ.
ಮದುವ್ಯಾದ ಮರುವರ್ಷ ಬ್ಯಾಸಗಿಗಿ ತವರಿಗಿ ಬಂದಾಕಿ
ಕಣಿಕಿ ಬಣವಿ ಮಗ್ಗಲ ಚಿಟ್ಟನೆ ಚೀರಿದಳು. ಚೇಳು.
ಕಂದೀಲು ಹಿಡಿದು ಹುಡುಕಿದರು ಅಪ್ಪ, ಕಾಕಾ:
ಚೇಳೂ ಇಲ್ಲ, ಕಾಲಿನಾಗ ಗುರ್ತೂ ಇಲ್ಲ.
ಮೈ ಮಾತ್ರ ಥರಥರ.
ಮುಂದಿನ ವರ್ಷ ಮತ್ತ. ಅದರ ಮುಂದಿನ ವರ್ಷನೂ.
ಕರಿಲಾಕ ಗಂಡ ಬರೂ ಹಿಂದಿನ ರಾತ್ರೀನೇ
ತಪ್ಪದ ಬರುತ್ತಿತ್ತು ಆ ಚೇಳು.

"ಬಡಿಯೋ ಮರೆಪ್ಪ, ನಡುಕ ಹೋಗ್ತದ" ಅಂದಳು ಅವ್ವ.
ನನಗ ಹತ್ತು ವರ್ಷ.
ಬರುತ್ತಿದ್ದದ್ದು ಒಂದೇ ಪೆಟ್ಟು,
ಮದುವಿ ಮೆರವಣಿಗಿದು.
ಅದನ್ನೇ ಬಡಿದೆ, ಬೆಳತನಕ.
ಅಕ್ಕ ಕುಣಿದಳು, ಬಿದ್ದಳು, ಎದ್ದು ಮುಖ ತೊಳಕೊಂಡು
ಏಳರ ಬಸ್ಸಿಗಿ ಹೋದಳು.
ನನಗ ಶಾಬಾಸಕಿ ಕೊಟ್ಟರು, ಬೆಲ್ಲ ಕೊಟ್ಟರು.

ಕಟ್ಟಿ ಮ್ಯಾಲ ಬಿಳಿ ಚಾದರ ಹಾಸಿ
ಸುತ್ತಲೂ ರಿಬ್ಬನ್ ಇಟ್ಟರು: ಹಸರು, ಕೆಂಪು, ನೀಲಿ, ಹಳದಿ.
ಕಚ್ಚಿಸಿಕೊಂಡಾಕಿ ಯಾವದು ಹಿಡಿತಾಳೋ
ಅದು ಆಕಿ ಜೇಡದ ಬಣ್ಣ,
ಆ ಬಣ್ಣಕ್ಕ ಬ್ಯಾರೆನೇ ಪೆಟ್ಟು.
ಅಸುಂತಾ ಕಾಯುತ್ತ ಕುಂತಳು.
ಕುಣಿಯಾಕಿ ಕೈ ಹಸರಿಗಿ ಹೋಯ್ತು, ತಿರುಗಿ ಬಂತು,
ನೀಲಿ ಹಿಡೀತು.
ಆಗ ಎದ್ದಿತು ನನ್ನ ತೊಗಲು.

ಅಕ್ಕಗ ಯಾರೂ ಬಣ್ಣ ಕೇಳಿರಲಿಲ್ಲ.

ಈಗ ಸೇಡಂದಾಗ ಇರ್ತಾಳ, ಮಗನ ಮನ್ಯಾಗ.
ಗಂಡ ಸತ್ತು ಹನ್ನೆರಡು ವರ್ಷ.
ಅವತ್ತಿನಿಂದ ಚೇಳು ಕಡಿದಿಲ್ಲ.
ಮೊಮ್ಮಗನ ಕಡಿಂದ ಫೋನ್ ಹಚ್ಚಿಸಿದೆ.
"ಅಕ್ಕಾ, ನಿನ್ನ ಚೇಳು ಯಾವ ಬಣ್ಣದ್ದಿತ್ತು?"
ಆ ಕಡಿ ಕೂಲರಿನ ಗರಗರ.
ಭಾಳ ಹೊತ್ತು ಅದೇ.
"ಏನದು ಸಪ್ಪಳ? ಯಾರು ಬಡಿಲತ್ತಾರ?"
"ನಾ ಬಿಗಿದ ತೊಗಲು. ಬಡಿಯಾಕಿ ಬ್ಯಾರೆದಾಕಿ."
"ಇಡಬ್ಯಾಡ," ಅಂದಳು, "ಫೋನು ಹಂಗೇ ಹಿಡಿ."

ಹಿಡಿದು ನಿಂತೆ, ಕೈ ಮ್ಯಾಲಕ್ಕೆತ್ತಿ.
ಹಿಂದಿನ ಸಾಲಿನವರು ಕೂಡ್ರೂ ಕೂಡ್ರೂ ಅಂದರು.
ಬ್ಯಾಟರಿ ಎರಡು ಗೆರಿ ಇತ್ತು.